ಮಹಾಪ್ರಬಂಧದ ಪುಟವಿನ್ಯಾಸಕ್ಕೆ ಯಾವ ತಂತ್ರಾಂಶ: ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್, ಲೇಟೆಕ್

ಪಿಎಚ್.ಡಿ. ಮಹಾಪ್ರಬಂಧವನ್ನು ಯಾವ ತಂತ್ರಾಂಶದಲ್ಲಿ ಸಿದ್ಧಪಡಿಸಬೇಕು ಎಂಬ ಪ್ರಶ್ನೆಯನ್ನು ನಮ್ಮ ಭಾಗದ ಸಂಶೋಧನಾ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರವಣಿಗೆಯೆಲ್ಲ ಮುಗಿದು ಸಲ್ಲಿಕೆಯ ದಿನ ಹತ್ತಿರ ಬಂದಾಗ ಕೇಳುತ್ತಾರೆ. ಅಷ್ಟರಲ್ಲಿ ಮೂರು ಅಧ್ಯಾಯಗಳು ಡಿ.ಟಿ.ಪಿ. ಅಂಗಡಿಯ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕಡತಗಳಲ್ಲಿ, ಒಂದು ಅಧ್ಯಾಯ ಗೆಳೆಯನ ಲ್ಯಾಪ್‌ಟಾಪಿನ ವರ್ಡ್‌ನಲ್ಲಿ, ಗ್ರಂಥಋಣ ಮೊಬೈಲಿನ ಗೂಗಲ್ ಡಾಕ್ಸ್‌ನಲ್ಲಿ ಹಂಚಿಹೋಗಿರುತ್ತವೆ. ಅವುಗಳನ್ನು ಒಂದುಗೂಡಿಸುವ ಕೆಲಸ ಬರೆಯುವ ಕೆಲಸಕ್ಕಿಂತ ಹೆಚ್ಚು ದಣಿಸುತ್ತದೆ. ಆದ್ದರಿಂದ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಒಪ್ಪಿಗೆಯಾದ ವಾರದಲ್ಲಿಯೇ ಈ ಆಯ್ಕೆಯನ್ನು ಮಾಡಿಕೊಳ್ಳುವುದು ಲೇಸು.

ಆಯ್ಕೆಗೆ ಮುನ್ನ ನಾಲ್ಕು ಬಗೆಯ ಪ್ರಬಂಧಗಳನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಚನಗಳ ಕುರಿತು ಕನ್ನಡದಲ್ಲಿ ಬರೆಯುವವರಿಗೆ ಪುಟಪುಟಕ್ಕೂ ಅಡಿಟಿಪ್ಪಣಿಗಳು ಬೇಕು. ಲಕ್ಕುಂಡಿಯ ದೇವಾಲಯಗಳನ್ನೂ ಶಾಸನಗಳನ್ನೂ ಅಭ್ಯಸಿಸುವವರಿಗೆ ಛಾಯಾಚಿತ್ರಗಳು ಬೇಕು, ಹಳಗನ್ನಡದ ಱ, ೞ ಅಕ್ಷರಗಳೂ ಬೇಕು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಬಗ್ಗೆ ಅರ್ಥಶಾಸ್ತ್ರದಲ್ಲಿ ಬರೆಯುವವರಿಗೆ ಅಡ್ಡಪುಟದಲ್ಲಿ ಮಾತ್ರ ಹಿಡಿಯುವ ಅಗಲವಾದ ಕೋಷ್ಟಕಗಳಿರುತ್ತವೆ. ಗಣಿತ ಅಥವಾ ಭೌತಶಾಸ್ತ್ರದವರಿಗೆ ಸಮೀಕರಣಗಳೇ ಪ್ರಧಾನ. ಈ ನಾಲ್ವರಿಗೂ ಒಂದೇ ತಂತ್ರಾಂಶವನ್ನು ಸೂಚಿಸುವವರು ಯಾರ ಪ್ರಬಂಧವನ್ನೂ ತೆರೆದು ನೋಡಿಲ್ಲ ಎಂದೇ ತಿಳಿಯಬೇಕು. ಪ್ರಬಂಧದ ಸ್ವರೂಪದ ಜೊತೆಗೆ ಇನ್ನೊಂದು ಪ್ರಶ್ನೆಯೂ ಅಷ್ಟೇ ಮುಖ್ಯ: ನಿಮ್ಮ ನಂತರ ಆ ಕಡತವನ್ನು ತೆರೆಯುವವರು ಯಾರು? ಗೈಡ್ ಅವರ ಕಂಪ್ಯೂಟರಿನಲ್ಲಿ ಏನಿದೆ, ವಿಭಾಗದ ಪ್ರಯೋಗಾಲಯದಲ್ಲಿ ಏನಿದೆ, ಮುದ್ರಿಸಿ ಬೈಂಡಿಂಗ್ ಮಾಡುವ ಅಂಗಡಿಯಲ್ಲಿ ಏನಿದೆ ಎಂಬುದನ್ನು ವಿಚಾರಿಸದೆ ಮಾಡಿದ ಆಯ್ಕೆ ಕೊನೆಯ ತಿಂಗಳಲ್ಲಿ ಕೈಕೊಡುತ್ತದೆ.

ತಂತ್ರಾಂಶಕ್ಕಿಂತ ಮೊದಲು: ಹಳೆಯ ನುಡಿಯೋ, ಯುನಿಕೋಡೋ

ಕನ್ನಡದಲ್ಲಿ ಬರೆಯುವವರಿಗೆ ಇದು ಎಲ್ಲಕ್ಕಿಂತ ದೊಡ್ಡ ಆಯ್ಕೆ. ಉಳಿದ ಎಲ್ಲವನ್ನೂ ಮುಂದೆ ಬದಲಿಸಬಹುದು, ಇದನ್ನು ಬದಲಿಸುವುದು ಕಷ್ಟ.

ಹಳೆಯ ನುಡಿ ಮತ್ತು ಬರಹ ಫಾಂಟುಗಳು ಕಂಪ್ಯೂಟರಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನ ದೊರೆಯದಿದ್ದ ಕಾಲದ ಜಾಣ್ಮೆಯ ಫಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನಗಳಲ್ಲಿ ಅವು ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿದವು. ಹೀಗಾಗಿ ತೆರೆಯ ಮೇಲೆ ‘ಕನ್ನಡ’ ಎಂದು ಅಂದವಾಗಿ ಕಾಣುವ ಪದವು ಕಡತದ ಒಳಗೆ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆಯಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ ಎಂದು ದಾಖಲಾಗಿರುತ್ತದೆ. ಫಾಂಟ್ ತೆಗೆದರೆ ಉಳಿಯುವುದು ಈ ಗೋಜಲು ಮಾತ್ರ. ಯುನಿಕೋಡ್ ಎಂಬುದು ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ. ಯುನಿಕೋಡ್‌ನಲ್ಲಿ ಅದೇ ಪದ ಕ, ನ, ಹಲಂತ, ನ, ಡ ಎಂಬ ಐದು ಸಂಕೇತಗಳಾಗಿ ಉಳಿಯುತ್ತದೆ, ಮತ್ತು ಯಾವ ಯುನಿಕೋಡ್ ಫಾಂಟ್ ಹಾಕಿದರೂ ಕನ್ನಡವಾಗಿಯೇ ಓದಿಸಿಕೊಳ್ಳುತ್ತದೆ.

ಮುದ್ರಿತ ಪ್ರತಿಯನ್ನು ಮಾತ್ರ ಸಲ್ಲಿಸುತ್ತಿದ್ದ ಕಾಲದಲ್ಲಿ ಈ ವ್ಯತ್ಯಾಸ ಯಾರನ್ನೂ ಕಾಡಲಿಲ್ಲ. ಈಗ ಪ್ರಬಂಧದ ವಿದ್ಯುನ್ಮಾನ ಪ್ರತಿ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಪ್ರಬಂಧಗಳ ಅಂತರ್ಜಾಲ ಭಂಡಾರವನ್ನು ಸೇರುತ್ತದೆ. ಹಳೆಯ ಫಾಂಟಿನಲ್ಲಿರುವ ಪಿ.ಡಿ.ಎಫ್. ಅಲ್ಲಿ ಕಣ್ಣಿಗೆ ಕಾಣುತ್ತದೆ, ಹುಡುಕಾಟಕ್ಕೆ ಸಿಗುವುದಿಲ್ಲ. ಅದರ ಮೊದಲು ಕೃತಿಚೌರ್ಯದ ತಪಾಸಣೆಯೂ ಇದೆ. ಯು.ಜಿ.ಸಿ.ಯ 2018ರ ನಿಯಮಾವಳಿಯ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 10ಕ್ಕಿಂತ ಹೆಚ್ಚಾಗಿ 40ರವರೆಗೆ ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿದ ಪ್ರತಿಯನ್ನು ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಕೆಗೆ ತಡೆ. 60ನ್ನು ಮೀರಿದರೆ ನೋಂದಣಿಯೇ ರದ್ದು. ಹಳೆಯ ನುಡಿಯ ಪಠ್ಯವನ್ನು ತಪಾಸಣಾ ತಂತ್ರಾಂಶ ಕನ್ನಡವೆಂದು ಗುರುತಿಸುವುದೇ ಇಲ್ಲವಾದ್ದರಿಂದ ಅಲ್ಲಿ ಬರುವ ಅಂಕಿ, ಸೊನ್ನೆಯೇ ಆಗಿರಲಿ, ಅರ್ಥವಿಲ್ಲದ್ದು. ಸೊನ್ನೆ ಬಂತೆಂದು ಹಿಗ್ಗುವವರನ್ನು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೂರುವ ಪರೀಕ್ಷಕರು ಸುಮ್ಮನೆ ಬಿಡಬೇಕೆಂದೇನೂ ಇಲ್ಲ.

ಯುನಿಕೋಡ್‌ಗೆ ಬಂದರೆ ಕೈಬೆರಳಿನ ರೂಢಿ ತಪ್ಪುತ್ತದೆ ಎಂಬ ಆತಂಕವನ್ನು ಹಳಬರಲ್ಲಿ ಕಾಣುತ್ತೇವೆ. ಕೀಲಿಮಣೆಯ ವಿನ್ಯಾಸ ಬೇರೆ, ಅಕ್ಷರಗಳ ಸಂಕೇತವ್ಯವಸ್ಥೆ ಬೇರೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಕೆಯಲ್ಲಿರುವ ಅದೇ ವಿನ್ಯಾಸದಲ್ಲಿ ಯುನಿಕೋಡ್ ಅಕ್ಷರಗಳನ್ನು ಮೂಡಿಸಬಹುದು. ನುಡಿಯ ಇತ್ತೀಚಿನ ಆವೃತ್ತಿಗಳಲ್ಲಿಯೇ ಆ ಸೌಲಭ್ಯವಿದೆ, ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿ ಅದು ಮೊದಲಿನಿಂದಲೇ ಸಿಗುತ್ತದೆ. ಬೆರಳು ಹೇಗೆ ಓಡುತ್ತಿತ್ತೋ ಹಾಗೆಯೇ ಓಡುತ್ತದೆ.

ಈಗಾಗಲೇ ಎರಡು ಮೂರು ಅಧ್ಯಾಯಗಳನ್ನು ಹಳೆಯ ಫಾಂಟಿನಲ್ಲಿ ಮುಗಿಸಿರುವವರು ಪರಿವರ್ತಕಗಳನ್ನು ಬಳಸಬಹುದು, ಆದರೆ ಎರಡು ಕಡೆ ಎಚ್ಚರ ಬೇಕು. ಪಠ್ಯವನ್ನು ನಕಲಿಸಿ ಅಂಟಿಸುವ ಪರಿವರ್ತಕದಲ್ಲಿ ಅಡಿಟಿಪ್ಪಣಿಗಳು ಹಿಂದೆಯೇ ಉಳಿದುಬಿಡುತ್ತವೆ. ನಡುವೆ ಬಂದ ನಿಜವಾದ ಇಂಗ್ಲಿಷ್ ಉದ್ಧರಣೆಗಳನ್ನೂ ಅದು ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಒತ್ತಕ್ಷರಗಳ ಸಾಲಾಗಿಸುತ್ತದೆ. ಪರಿವರ್ತನೆಯ ನಂತರ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಬೇಕು, ಏಕೆಂದರೆ ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ದಾಖಲಾಗುತ್ತಿತ್ತು, ಯುನಿಕೋಡ್‌ನಲ್ಲಿ ರಕಾರ ಅಕ್ಷರಕ್ಕಿಂತ ಮೊದಲು ಬರುತ್ತದೆ.

ವರ್ಡ್ ಮತ್ತು ಲಿಬ್ರೆಆಫೀಸ್: ನಿಜವಾದ ಸ್ಪರ್ಧೆ

ಮಾನವಿಕ ಮತ್ತು ಸಮಾಜವಿಜ್ಞಾನಗಳ ಪ್ರಬಂಧಕ್ಕೆ ಆಯ್ಕೆ ಕೊನೆಗೆ ಈ ಎರಡರ ನಡುವೆಯೇ ನಿಲ್ಲುತ್ತದೆ. ಎರಡೂ ಶೈಲಿಗಳ ಮೇಲೆ ನಡೆಯುವ ತಂತ್ರಾಂಶಗಳು. ಅಂದರೆ ಅಧ್ಯಾಯದ ಹೆಸರನ್ನು ಆರಿಸಿ ದಪ್ಪ ಮಾಡಿ, ಅಳತೆ ಹೆಚ್ಚಿಸಿ, ಮಧ್ಯಕ್ಕೆ ತರುವ ಬದಲು ಅದಕ್ಕೆ ‘ಹೆಡಿಂಗ್ 1’ ಎಂಬ ಶೈಲಿಯನ್ನು ಕೊಡುವುದು, ಉಪಶೀರ್ಷಿಕೆಗೆ ‘ಹೆಡಿಂಗ್ 2’ ಕೊಡುವುದು. ಪರಿವಿಡಿ ತಾನಾಗಿ ಮೂಡುವುದು, ಅಧ್ಯಾಯ ಸಂಖ್ಯೆ ತಾನಾಗಿ ಏರುವುದು, ‘ಕೋಷ್ಟಕ 3.2’ ಎಂಬಲ್ಲಿ ಮೂರು ಎಂಬುದು ಅಧ್ಯಾಯದಿಂದಲೇ ಬರುವುದು, ಇವೆಲ್ಲ ಈ ಶೈಲಿಗಳನ್ನು ಅವಲಂಬಿಸಿವೆ. ಇದನ್ನು ಪಾಲಿಸದವರಿಗೆ ಎರಡೂ ತಂತ್ರಾಂಶಗಳು ಒಂದೇ, ಬೆಲೆಬಾಳುವ ಟೈಪ್‌ರೈಟರ್.

ಕನ್ನಡಿಗರಿಗೆ ಎರಡರಲ್ಲಿಯೂ ಎದುರಾಗುವ ಒಂದು ತೊಡಕನ್ನು ಇಲ್ಲಿಯೇ ಹೇಳಬೇಕು. ಶೀರ್ಷಿಕೆಯ ಶೈಲಿಯನ್ನು ತಿದ್ದಿ ಅಳತೆಯನ್ನು 16 ಎಂದು ನಮೂದಿಸಿದರೂ ಕನ್ನಡ ಅಕ್ಷರಗಳು ಇದ್ದಷ್ಟೇ ಇರುತ್ತವೆ, ಪಕ್ಕದ ಇಂಗ್ಲಿಷ್ ಪದ ಮಾತ್ರ ಹಿಗ್ಗುತ್ತದೆ. ಕನ್ನಡವನ್ನು ಈ ತಂತ್ರಾಂಶಗಳು ಸಂಕೀರ್ಣ ಲಿಪಿಗಳ ಗುಂಪಿನಲ್ಲಿ ಇಡುವುದರಿಂದ ಅದರ ಫಾಂಟ್ ಮತ್ತು ಅಳತೆಗಳಿಗೆ ಬೇರೆಯೇ ಅಂಕಣವಿದೆ. ವರ್ಡ್‌ನ ಫಾಂಟ್ ಪೆಟ್ಟಿಗೆಯಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಭಾಗ ಅದಕ್ಕೆ ಮೀಸಲು. ಕನ್ನಡವನ್ನು ಸಂಪಾದನೆಯ ಭಾಷೆಯಾಗಿ ಸೇರಿಸಿದ ಮೇಲೆ ಅದು ಕಾಣಿಸುತ್ತದೆ. ಲಿಬ್ರೆಆಫೀಸ್‌ನಲ್ಲಿ ಭಾಷೆಯ ಆಯ್ಕೆಗಳಿಗೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಗುರುತು ಹಾಕಿ ಕನ್ನಡವನ್ನು ಆರಿಸಿದರೆ ಪ್ರತಿ ಶೈಲಿಯಲ್ಲಿಯೂ ಕನ್ನಡದ ಫಾಂಟಿಗೆ ಸ್ಥಳ ತೆರೆದುಕೊಳ್ಳುತ್ತದೆ. ಈ ವಿಷಯದಲ್ಲಿ ಲಿಬ್ರೆಆಫೀಸ್‌ನ ವ್ಯವಸ್ಥೆ ಹೆಚ್ಚು ನೇರವಾಗಿದೆ ಎಂಬುದು ನನ್ನ ಅಭಿಪ್ರಾಯ.

ಎರಡರ ನಡುವಿನ ಮೂಲಭೂತ ವ್ಯತ್ಯಾಸ ಕಾಣುವುದು ಪುಟಗಳನ್ನು ನೋಡುವ ರೀತಿಯಲ್ಲಿ. ವರ್ಡ್ ದಾಖಲೆಯನ್ನು ಸೆಕ್ಷನ್‌ಗಳಾಗಿ ಒಡೆಯುತ್ತದೆ. ಲಿಬ್ರೆಆಫೀಸ್ ಪುಟಕ್ಕೂ ಒಂದು ಶೈಲಿಯನ್ನು ಕೊಡುತ್ತದೆ. ಪ್ರಮಾಣಪತ್ರ, ಘೋಷಣೆ, ಕೃತಜ್ಞತೆ, ಪರಿವಿಡಿಗಳಿಗೆ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ ಹೊಸದಾಗಿ 1, 2, 3 ಎಂಬ ಸಾಮಾನ್ಯ ಬೇಡಿಕೆಯನ್ನೇ ತೆಗೆದುಕೊಳ್ಳಿ. ವರ್ಡ್‌ನಲ್ಲಿ ಪರಿವಿಡಿಯ ಕೊನೆಯಲ್ಲಿ ‘ನೆಕ್ಸ್ಟ್ ಪೇಜ್’ ಬಗೆಯ ಸೆಕ್ಷನ್ ಬ್ರೇಕ್ ಹಾಕಿ, ಹೊಸ ಸೆಕ್ಷನ್ನಿನ ಅಡಿಬರಹಕ್ಕೆ ಹೋಗಿ, ‘ಲಿಂಕ್ ಟು ಪ್ರೀವಿಯಸ್’ ಎಂಬುದನ್ನು ಆರಿಸದಂತೆ ಮಾಡಿ, ನಂತರ ಪುಟಸಂಖ್ಯೆ 1ರಿಂದ ಆರಂಭ ಎಂದು ಹೇಳಬೇಕು. ಆ ಕೊಂಡಿಯನ್ನು ಕಳಚುವುದನ್ನು ಮರೆತರೆ ಒಂದು ಕಡೆ ಬದಲಿಸಿದ್ದು ಇನ್ನೊಂದು ಕಡೆಯೂ ಬದಲಾಗುತ್ತದೆ; ಪುಟಸಂಖ್ಯೆಯ ಗೋಳು ಎಂದು ಜನ ಹೇಳುವುದರಲ್ಲಿ ಬಹುಪಾಲು ಇದೇ. ಲಿಬ್ರೆಆಫೀಸ್‌ನಲ್ಲಿ ಮುನ್ಪುಟಗಳಿಗೆ ಒಂದು ಪುಟಶೈಲಿ, ಅಧ್ಯಾಯಗಳಿಗೆ ಒಂದು ಪುಟಶೈಲಿ ಎಂದು ಮಾಡಿಟ್ಟು, ಮೊದಲ ಅಧ್ಯಾಯದ ಶೀರ್ಷಿಕೆಯ ಮುಂಚೆ ಹೊಸ ಪುಟಶೈಲಿಯೊಡನೆ ಪುಟ ಮುರಿದು ಸಂಖ್ಯೆ 1 ಎಂದು ನಮೂದಿಸಿದರೆ ಸಾಕು. ಮೊದಲ ದಿನ ವರ್ಡ್ ಸುಲಭವೆನಿಸುತ್ತದೆ, ಮುನ್ನೂರು ಪುಟ ದಾಟಿದ ಮೇಲೆ ಲಿಬ್ರೆಆಫೀಸ್‌ನ ಕ್ರಮವೇ ಹಗುರ.

ಬ್ಯಾಡಗಿಯ ಮಾರುಕಟ್ಟೆಯ ಪ್ರಬಂಧದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ನಾಲ್ಕನೆಯ ಅಧ್ಯಾಯದ ನಡುವೆ ಹನ್ನೆರಡು ಅಂಕಣಗಳ ಆವಕ-ಧಾರಣೆಯ ಕೋಷ್ಟಕವೊಂದು ಅಡ್ಡಪುಟದಲ್ಲಿ ಬರಬೇಕಾಗಿದೆ ಎಂದುಕೊಳ್ಳಿ. ವರ್ಡ್‌ನಲ್ಲಿ ಅಡ್ಡಪುಟಕ್ಕಾಗಿ ಅದರ ಹಿಂದೆ ಮುಂದೆ ಎರಡು ಸೆಕ್ಷನ್ ಬ್ರೇಕ್‌ಗಳನ್ನು ಹಾಕಬೇಕು. ಅಡಿಟಿಪ್ಪಣಿಗಳ ಸಂಖ್ಯೆ ಪ್ರತಿ ಅಧ್ಯಾಯಕ್ಕೆ ಹೊಸದಾಗಿ ಆರಂಭವಾಗಲಿ ಎಂದು ‘ಪ್ರತಿ ಸೆಕ್ಷನ್‌ಗೆ ಹೊಸದು’ ಎಂಬ ಆಯ್ಕೆಯನ್ನು ಮೊದಲೇ ಮಾಡಿದ್ದರೆ, ಆ ಕೋಷ್ಟಕದ ನಂತರ ಅದೇ ಅಧ್ಯಾಯದೊಳಗೆ ಟಿಪ್ಪಣಿಗಳು ಮತ್ತೆ 1ರಿಂದ ಎಣಿಕೆ ಆರಂಭಿಸುತ್ತವೆ. ಇದು ದೋಷವಲ್ಲ, ವರ್ಡ್ ಹೇಳಿದ್ದನ್ನೇ ಮಾಡುತ್ತಿದೆ. ಪರಿಹಾರವೆಂದರೆ ಅಡ್ಡಪುಟದ ಸೆಕ್ಷನ್ನಿಗೂ ಅದರ ಮುಂದಿನ ಸೆಕ್ಷನ್ನಿಗೂ ಮಾತ್ರ ಎಣಿಕೆ ನಿರಂತರ ಎಂದು ಬೇರೆಯಾಗಿ ಹೇಳುವುದು. ಲಿಬ್ರೆಆಫೀಸ್‌ನಲ್ಲಿ ಟಿಪ್ಪಣಿಯ ಎಣಿಕೆಗೆ ‘ಪ್ರತಿ ಅಧ್ಯಾಯಕ್ಕೆ’ ಎಂಬ ಆಯ್ಕೆಯೇ ಇದ್ದು, ಅದು ‘ಹೆಡಿಂಗ್ 1’ನ್ನು ಮಾತ್ರ ನೋಡುತ್ತದೆ, ನಡುವೆ ಎಷ್ಟು ಅಡ್ಡಪುಟಗಳು ಬಂದರೂ ಎಣಿಕೆ ಕೆಡುವುದಿಲ್ಲ. ವಚನಗಳ ಪ್ರಬಂಧದಲ್ಲಿ ಅಧ್ಯಾಯಕ್ಕೆ ನೂರು ಟಿಪ್ಪಣಿಗಳಿದ್ದಾಗ ಈ ಒಂದು ಸೌಲಭ್ಯಕ್ಕಾಗಿಯೇ ಲಿಬ್ರೆಆಫೀಸ್ ಆರಿಸಿಕೊಳ್ಳಬಹುದು.

ಹಾಗಿದ್ದರೆ ವರ್ಡ್ ಯಾಕೆ ಬೇಕು? ಗೈಡ್ ಅವರಿಗಾಗಿ. ತಿದ್ದುಪಡಿಗಳನ್ನು ಗುರುತುಸಹಿತ ಮಾಡಿ ಕಳಿಸುವ ಮಾರ್ಗದರ್ಶಕರು ಬಹುತೇಕ ವರ್ಡ್‌ನಲ್ಲಿಯೇ ಕೆಲಸ ಮಾಡುತ್ತಾರೆ, ಸಂಸ್ಥೆಗಳಲ್ಲಿಯೂ ಅದೇ ರೂಢಿ. ಲಿಬ್ರೆಆಫೀಸ್ ವರ್ಡ್‌ನ ಕಡತವನ್ನು ತೆರೆಯುತ್ತದೆ, ಉಳಿಸುತ್ತದೆ, ಟಿಪ್ಪಣಿಗಳನ್ನೂ ತೋರಿಸುತ್ತದೆ. ಆದರೆ ಒಂದೇ ಕಡತ ತಿಂಗಳಿಗೆ ನಾಲ್ಕು ಸಲ ಅಲ್ಲಿಂದಿಲ್ಲಿಗೆ ಓಡಾಡಿದರೆ ಪುಟಶೈಲಿಗಳು ಸೆಕ್ಷನ್‌ಗಳಾಗಿ, ಸೆಕ್ಷನ್‌ಗಳು ಇನ್ನೇನೋ ಆಗಿ, ಅಡಿಬರಹಗಳು ಜಾಗ ತಪ್ಪುತ್ತವೆ. ಗೈಡ್ ಅವರು ಕಡತದಲ್ಲಿಯೇ ತಿದ್ದುವವರಾದರೆ ವರ್ಡ್‌ನಲ್ಲಿಯೇ ಇರಿ. ಮುದ್ರಿತ ಪ್ರತಿಯ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದುವವರಾದರೆ (ಧಾರವಾಡದ ಹಿರಿಯ ಪ್ರಾಧ್ಯಾಪಕರಲ್ಲಿ ಅಂಥವರಿಗೆ ಇಂದಿಗೂ ಕೊರತೆಯಿಲ್ಲ) ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಬಳಸಲು ಯಾವ ಅಡ್ಡಿಯೂ ಇಲ್ಲ. ಬ್ರೌಸರಿನಲ್ಲಿ ಉಚಿತವಾಗಿ ಸಿಗುವ ವರ್ಡ್ ಅನ್ನು ಮಾತ್ರ ಇಷ್ಟು ದೊಡ್ಡ ದಾಖಲೆಗೆ ನಂಬಬೇಡಿ, ಪೂರ್ಣ ವರ್ಡ್‌ನ ಹಲವು ಸೌಲಭ್ಯಗಳು ಅದರಲ್ಲಿಲ್ಲ.

ಅಧ್ಯಾಯಕ್ಕೊಂದು ಕಡತವೋ ಎಲ್ಲಕ್ಕೂ ಒಂದೇ ಕಡತವೋ ಎಂಬುದು ಇದರ ಜೊತೆಗೇ ಏಳುವ ಪ್ರಶ್ನೆ. ಪಠ್ಯವೇ ಹೆಚ್ಚಿರುವ ಪ್ರಬಂಧಕ್ಕೆ ಆರಂಭದಿಂದಲೂ ಒಂದೇ ಕಡತ ಸಾಕು. ಬಿಡಿ ಅಧ್ಯಾಯಗಳನ್ನು ಜೋಡಿಸುವ ‘ಮಾಸ್ಟರ್ ಡಾಕ್ಯುಮೆಂಟ್’ ವ್ಯವಸ್ಥೆ ಎರಡರಲ್ಲೂ ಇದೆ, ಆದರೆ ವರ್ಡ್‌ನದು ಕಡತವನ್ನೇ ಕೆಡಿಸಿದ ದೂರುಗಳಿಗೆ ಹೆಸರಾದದ್ದು. ಲಿಬ್ರೆಆಫೀಸ್‌ನದು ಭರವಸೆಗೆ ಅರ್ಹ. ಲಕ್ಕುಂಡಿಯ ಪ್ರಬಂಧದಂಥ ಚಿತ್ರಗಳ ಪ್ರಬಂಧದಲ್ಲಿ ಕಡತ ಭಾರವಾಗುವುದು ಚಿತ್ರಗಳಿಂದ. ಮೊಬೈಲಿನ ಹನ್ನೆರಡು ಮೆಗಾಪಿಕ್ಸೆಲ್ ಚಿತ್ರ ಸುಮಾರು 4000 ಪಿಕ್ಸೆಲ್ ಅಗಲವಿರುತ್ತದೆ. ಆರು ಇಂಚು ಅಗಲದಲ್ಲಿ ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಲು 1800 ಪಿಕ್ಸೆಲ್ ಸಾಕು. ಸೇರಿಸುವ ಮುಂಚೆಯೇ ಚಿತ್ರಗಳನ್ನು ಆ ಅಳತೆಗೆ ಇಳಿಸಿದರೆ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಪುಟಗಳು ಸರಾಗವಾಗಿ ಓಡುತ್ತವೆ.

ಫಾಂಟು ಮತ್ತು ಸಾಲಂತರ

ಯುನಿಕೋಡ್ ಫಾಂಟುಗಳಲ್ಲಿ ಆಯ್ಕೆ ಈಗ ಸಾಕಷ್ಟಿದೆ. ವಿಂಡೋಸ್ ಜೊತೆಗೆ ಬರುವ ತುಂಗಾ ಮತ್ತು ನಿರ್ಮಲಾ ತೆರೆಯ ಮೇಲೆ ಓದಲು ಹಿತವಾದರೂ ಮುದ್ರಿತ ಪ್ರಬಂಧಕ್ಕೆ ನನಗೆ ಒಪ್ಪಿಗೆಯಾಗುವುದು ನೋಟೋ ಸೆರಿಫ್ ಕನ್ನಡ. ಅದರಲ್ಲಿ ಹಲವು ದಪ್ಪಗಳಿರುವುದರಿಂದ ಶೀರ್ಷಿಕೆಗೂ ಪಠ್ಯಕ್ಕೂ ಒಂದೇ ಕುಟುಂಬ ಸಾಕಾಗುತ್ತದೆ. ಟಿರೋ ಕನ್ನಡ ಸಾಹಿತ್ಯದ ಪುಟಕ್ಕೆ ಇನ್ನೂ ಸೊಗಸು, ಆದರೆ ಅದಕ್ಕೆ ದಪ್ಪ ರೂಪವಿಲ್ಲ. ‘ಬೋಲ್ಡ್’ ಒತ್ತಿದರೆ ತಂತ್ರಾಂಶ ಅಕ್ಷರವನ್ನು ತಾನೇ ಬಳಿದು ದಪ್ಪ ಮಾಡುತ್ತದೆ, ಅದು ಚೆನ್ನಾಗಿ ಕಾಣುವುದಿಲ್ಲ. ಗೂಗಲ್ ಫಾಂಟುಗಳಲ್ಲಿ ನಮ್ಮ ಹುಬ್ಬಳ್ಳಿಯ ಹೆಸರಿನದೇ ಒಂದು ಕನ್ನಡ ಫಾಂಟ್ ಇದೆ. ಅಭಿಮಾನದಿಂದ ಅದನ್ನೇ ಆರಿಸುವವರಿಗೆ ಹೇಳಬೇಕಾದ ಮಾತೆಂದರೆ, ಒಂದೇ ದಪ್ಪದ ಗೆರೆಯ, ಕೈಬರಹದ ಸಲಿಗೆಯಿರುವ ಆ ಅಕ್ಷರಗಳು ಆಮಂತ್ರಣ ಪತ್ರಿಕೆಗೆ ಹೊಂದುತ್ತವೆ, ಪ್ರಬಂಧಕ್ಕೆ ಹೊಂದುವುದಿಲ್ಲ. ಶಾಸನಪಾಠ ಬಳಸುವವರು ಯಾವುದೇ ಫಾಂಟನ್ನು ಒಪ್ಪುವ ಮುಂಚೆ ಱ ಮತ್ತು ೞ ಅಕ್ಷರಗಳನ್ನೂ ಅವುಗಳ ಒತ್ತುಗಳನ್ನೂ ಟೈಪ್ ಮಾಡಿ ನೋಡಿಕೊಳ್ಳಬೇಕು.

ಸಾಲಂತರದ ವಿಷಯದಲ್ಲಿ ವರ್ಡ್‌ನ ‘ಎಕ್ಸಾಕ್ಟ್ಲಿ’ ಮತ್ತು ಲಿಬ್ರೆಆಫೀಸ್‌ನ ‘ಫಿಕ್ಸ್ಡ್’ ಆಯ್ಕೆಗಳನ್ನು ಕನ್ನಡಕ್ಕೆ ಬಳಸಲೇಬಾರದು. ‘ರಾಷ್ಟ್ರ’, ‘ವೈಶಿಷ್ಟ್ಯ’ ಮುಂತಾದ ಪದಗಳಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು ಸೇರಿ ಅಕ್ಷರ ಕೆಳಗೆ ಇಳಿಯುತ್ತದೆ. ಸಾಲಿಗೆ ನಿಗದಿತ ಎತ್ತರ ಕೊಟ್ಟಾಗ ಆ ಭಾಗ ಕತ್ತರಿಸಿಹೋಗುತ್ತದೆ. ಒಂದೂವರೆ ಪಟ್ಟು ಎಂದು ಅನುಪಾತದಲ್ಲಿ ಕೊಟ್ಟರೆ ಈ ತೊಂದರೆಯಿಲ್ಲ. ಪುಸ್ತಕಗಳ ಹೆಸರಿಗೆ ಓರೆ ಅಕ್ಷರ ಬಳಸುವ ಇಂಗ್ಲಿಷ್ ಪದ್ಧತಿಯೂ ಕನ್ನಡಕ್ಕೆ ಒಗ್ಗುವುದಿಲ್ಲ; ಒಂಟಿ ಉದ್ಧರಣ ಚಿಹ್ನೆಯೇ ಸಾಕು.

ಗೂಗಲ್ ಡಾಕ್ಸ್

ಕರಡು ಬರೆಯಲು, ಗೈಡ್ ಮತ್ತು ಸಹಸಂಶೋಧಕರೊಡನೆ ಚರ್ಚಿಸಲು, ಕರೆಂಟ್ ಹೋದಾಗ ಬರೆದದ್ದು ಕಳೆದುಹೋಗದಿರಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಕನ್ನಡದಲ್ಲಿ ಮಾತನಾಡಿ ಬರೆಸುವ ಸೌಲಭ್ಯವೂ ಇದೆ. ಆದರೆ ಹಾವೇರಿಯ ಹಳ್ಳಿಗಳಲ್ಲಿ ಸಂಗ್ರಹಿಸಿದ ಸಂದರ್ಶನಗಳನ್ನು ಅದರಿಂದ ಬರೆಸುವ ಜಾನಪದದ ವಿದ್ಯಾರ್ಥಿಗಳು ಧ್ವನಿಮುದ್ರಣದೊಡನೆ ಸಾಲುಸಾಲನ್ನೂ ಹೋಲಿಸಲೇಬೇಕು. ‘ಹೋಗೂಣು ನಡ್ರಿ’ ಎಂದದ್ದು ಶಿಷ್ಟರೂಪಕ್ಕೆ ತಿರುಗಿದ್ದರೆ ಸಂಗ್ರಹದ ಬೆಲೆಯೇ ಹೋಯಿತು. ಒಂದು ದಾಖಲೆಗೆ 10.2 ಲಕ್ಷ ಅಕ್ಷರಗಳ ಮಿತಿಯಿದೆ, ಪ್ರಬಂಧಕ್ಕೆ ಅದು ತೊಡಕಾಗುವುದು ಅಪರೂಪ. ತೊಡಕಾಗುವುದು ಕೋಷ್ಟಕ-ಚಿತ್ರಗಳ ತಾನಾಗಿ ಏರುವ ಸಂಖ್ಯೆ, ಅವುಗಳಿಗೆ ಪಠ್ಯದೊಳಗಿನಿಂದ ಕೊಡುವ ಕೊಂಡಿ ಮೊದಲಾದವುಗಳಲ್ಲಿ. ಅಂತಿಮ ವಿನ್ಯಾಸವನ್ನು ಡಾಕ್ಸ್‌ನಲ್ಲಿ ಮಾಡುವ ಹಟ ಬೇಡ.

ಲೇಟೆಕ್

ಸಮೀಕರಣಗಳಿರುವ ಪ್ರಬಂಧಕ್ಕೆ, ಪಠ್ಯದ ನಡುವೆ ಆದೇಶಗಳನ್ನು ಬರೆದು ಪುಟ ಮೂಡಿಸುವ ಲೇಟೆಕ್‌ಗೆ ಸರಿಸಾಟಿಯಿಲ್ಲ, ಮತ್ತು ಐ.ಐ.ಟಿ. ಧಾರವಾಡದಂಥ ಸಂಸ್ಥೆಗಳ ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡವನ್ನೂ ಅದರಲ್ಲಿ ಚೆನ್ನಾಗಿ ಮೂಡಿಸಬಹುದು. ಅದಕ್ಕೆ ಅದರ ಹಳೆಯ ರೂಪವಾದ ಪಿಡಿಎಫ್‌ಲೇಟೆಕ್ ಬಿಟ್ಟು ಝೀಲೇಟೆಕ್ ಅಥವಾ ಲುವಾಲೇಟೆಕ್ ಬಳಸಬೇಕು. ಫಾಂಟ್ ಹೆಸರಿಸುವ ಸಾಲಿನಲ್ಲಿ ಲಿಪಿ ಕನ್ನಡ ಎಂದು ನಮೂದಿಸುವುದನ್ನು ಮರೆತರೆ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲಬಹುದು. ಲುವಾಲೇಟೆಕ್ ಬಳಸುವವರು ಹಾರ್ಫ್‌ಬಜ್ ಎಂಬ ಜೋಡಣಾ ವ್ಯವಸ್ಥೆಯನ್ನೂ ಕೇಳಬೇಕು. ಇಷ್ಟೆಲ್ಲ ಇದ್ದರೂ ವಚನಗಳ ಪ್ರಬಂಧಕ್ಕೆ ನಾನು ಇದನ್ನು ಸೂಚಿಸುವುದಿಲ್ಲ. ಆದೇಶಗಳ ನಡುವೆ ಸಿಕ್ಕಿಕೊಂಡ ಕನ್ನಡವನ್ನು ಓದಿ ತಿದ್ದುವ ತಾಳ್ಮೆ ಗೈಡ್ ಅವರಿಗೆ ಇರುವುದಿಲ್ಲ, ಇರಬೇಕೆಂದು ಬಯಸುವುದೂ ಸರಿಯಲ್ಲ.

ಗ್ರಂಥಋಣ: ಕೈಯಿಂದಲೋ, ಝೊಟೇರೊದಿಂದಲೋ

ಉಲ್ಲೇಖಗಳು ನೂರನ್ನು ಮೀರುವುದಾದರೆ ಉಲ್ಲೇಖಗಳನ್ನು ದಾಖಲಿಸಿಟ್ಟು ಗ್ರಂಥಋಣದ ಪಟ್ಟಿ ಮಾಡಿಕೊಡುವ, ಉಚಿತವಾಗಿ ಸಿಗುವ ಝೊಟೇರೊ ತಂತ್ರಾಂಶ ಬಳಸುವುದು ಒಳ್ಳೆಯದು. ಅದು ವರ್ಡ್, ಲಿಬ್ರೆಆಫೀಸ್, ಡಾಕ್ಸ್ ಮೂರಕ್ಕೂ ಹೊಂದಿಕೊಳ್ಳುತ್ತದೆ. ತಂತ್ರಾಂಶ ಬದಲಿಸಬೇಕಾಗಿ ಬಂದರೆ ಅದರ ದಾಖಲೆ ಆಯ್ಕೆಗಳಲ್ಲಿಯೇ ಬೇರೆ ತಂತ್ರಾಂಶಕ್ಕೆ ಸಾಗಿಸುವ ಆದೇಶವಿದೆ. ಅದನ್ನು ಬಳಸದೆ ಕಡತವನ್ನು ನೇರವಾಗಿ ತೆರೆದು ಉಳಿಸಿದರೆ ಉಲ್ಲೇಖಗಳ ಜೀವಂತ ಕೊಂಡಿ ಸತ್ತು ಬರಿಯ ಅಕ್ಷರಗಳಾಗುವ ಅಪಾಯವಿದೆ.

ನಮ್ಮ ಹೆಸರುಗಳನ್ನು ದಾಖಲಿಸುವಾಗ ಸ್ವಲ್ಪ ಯೋಚಿಸಬೇಕಾಗುತ್ತದೆ. ಎ.ಪಿ.ಎ. ಮುಂತಾದ ಉಲ್ಲೇಖ ಶೈಲಿಗಳು ಕುಲನಾಮವನ್ನು ಮೊದಲು ಕೇಳುತ್ತವೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಿನ ರೂಢಿ ಇರುವುದರಿಂದ ‘ಬೇಂದ್ರೆ, ದ.ರಾ.’, ‘ಕಲಬುರ್ಗಿ, ಎಂ.ಎಂ.’ ಎಂಬವು ಸಲೀಸಾಗಿ ಹೊಂದುತ್ತವೆ. ಹಳೆಯ ಮೈಸೂರಿನ ಕಡೆಯ ‘ಜಿ.ಎಸ್. ಶಿವರುದ್ರಪ್ಪ’ ಎಂಬ ಹೆಸರಿನಲ್ಲಿ ಕುಲನಾಮವೇ ಇಲ್ಲ. ವ್ಯಕ್ತಿಯ ಸ್ವಂತ ಹೆಸರನ್ನೇ ಆ ಅಂಕಣದಲ್ಲಿ ತುಂಬಬೇಕು. ‘ಅಕ್ಕ ಮಹಾದೇವಿ’ ಎಂದು ಎರಡು ಅಂಕಣಗಳಲ್ಲಿ ಬಿಡಿಸಿ ತುಂಬಿದರೆ ‘ಮಹಾದೇವಿ, ಅಕ್ಕ’ ಎಂಬ ಅಪಚಾರ ಪಟ್ಟಿಯಲ್ಲಿ ಮೂಡುತ್ತದೆ. ಶರಣರು, ಸ್ವಾಮೀಜಿಗಳು, ಸಂಘಸಂಸ್ಥೆಗಳು ಇವರೆಲ್ಲರಿಗೂ ಝೊಟೇರೊದಲ್ಲಿರುವ ಒಂದೇ ಅಂಕಣದ ಹೆಸರಿನ ಆಯ್ಕೆಯನ್ನು ಬಳಸಬೇಕು.

ಅಕಾರಾದಿಯನ್ನೂ ಒಮ್ಮೆ ಪರೀಕ್ಷಿಸಿ. ಯುನಿಕೋಡ್ ಪಟ್ಟಿಯಲ್ಲಿ ಳಕಾರವು ಲಕಾರದ ಬೆನ್ನಿಗೇ ಇದೆ, ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ ಬರುತ್ತದೆ. ಹೀಗಾಗಿ ಬರಿಯ ಸಂಕೇತಸಂಖ್ಯೆಯನ್ನು ನೋಡಿ ಜೋಡಿಸುವ ತಂತ್ರಾಂಶ ‘ಹಳಕಟ್ಟಿ’ಯನ್ನು ‘ಹವಾಲ್ದಾರ’ಕ್ಕಿಂತ ಮೊದಲು ಇಡುತ್ತದೆ, ನಿಘಂಟಿನ ಕ್ರಮ ಅದಕ್ಕೆ ತಿರುವುಮುರುವು. ಈ ಎರಡು ಹೆಸರುಗಳನ್ನೇ ಕೊಟ್ಟು ನೋಡಿದರೆ ನಿಮ್ಮ ತಂತ್ರಾಂಶ ಯಾವ ಕ್ರಮದ್ದೆಂದು ತಿಳಿಯುತ್ತದೆ. ಇಂಗ್ಲಿಷ್ ಶೈಲಿಯಿಂದ ಬರುವ ಇಂಗ್ಲಿಷ್ ಸಂಕ್ಷೇಪಗಳನ್ನು ‘ಪು.’, ‘ಸಂ.’ ಎಂದು ಬದಲಿಸುವ ಕೆಲಸವನ್ನು ಎಲ್ಲ ಮುಗಿದ ಮೇಲೆ, ಕೊಂಡಿ ಕಳಚಿದ ಪ್ರತ್ಯೇಕ ಪ್ರತಿಯಲ್ಲಿ ಮಾಡಬೇಕು.

ಡಿ.ಟಿ.ಪಿ. ಅಂಗಡಿ, ಗದಗಿನ ಮುದ್ರಣಾಲಯ ಮತ್ತು ಪಿ.ಡಿ.ಎಫ್.

ಟೈಪಿಂಗ್ ಬಾರದವರು, ಉದ್ಯೋಗದ ನಡುವೆ ಪ್ರಬಂಧ ಬರೆಯುವವರು ಅಂಗಡಿಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ, ಹಲವು ಡಿ.ಟಿ.ಪಿ. ಆಪರೇಟರುಗಳ ಕನ್ನಡ ಕಾಗುಣಿತ ಸಂಶೋಧಕರದಕ್ಕಿಂತ ಶುದ್ಧವಾಗಿರುತ್ತದೆ. ಆದರೆ ಕೊಡುವಾಗಲೇ ಎರಡು ಕರಾರು ಹಾಕಬೇಕು: ಪಠ್ಯ ಯುನಿಕೋಡ್‌ನಲ್ಲಿರಬೇಕು, ಶೀರ್ಷಿಕೆಗಳು ಶೈಲಿಯಲ್ಲಿರಬೇಕು. ಪರಿವಿಡಿಯನ್ನು ಚುಕ್ಕೆಗಳನ್ನು ಒತ್ತಿ ಕೈಯಿಂದ ಮಾಡಿದ ಕಡತದಲ್ಲಿ ಎರಡನೆಯ ಅಧ್ಯಾಯಕ್ಕೆ ಒಂದು ಪುಟ ಸೇರಿದರೆ ಅಲ್ಲಿಂದ ಮುಂದಿನ ಪ್ರತಿಯೊಂದು ಸಂಖ್ಯೆಯನ್ನೂ ಮತ್ತೆ ತಿದ್ದಬೇಕು, ಪ್ರತಿ ತಿದ್ದುಪಡಿಗೂ ಅಂಗಡಿಯ ಪಾಳಿ ಕಾಯಬೇಕು.

ಮುಂದೆ ಪ್ರಬಂಧವನ್ನು ಪುಸ್ತಕವಾಗಿ ತರುವಾಗ ಗದಗಿನ ಮುದ್ರಣಾಲಯದವರು ನುಡಿಯಲ್ಲಿಯೇ ಕೇಳಬಹುದು, ಆದ್ದರಿಂದ ಈಗಲೇ ನುಡಿಯಲ್ಲಿಡುವುದು ವಾಸಿ ಎಂಬ ವಾದವನ್ನೂ ಕೇಳಿದ್ದೇನೆ. ಮುದ್ರಣಾಲಯಗಳ ಹಳೆಯ ಪುಟವಿನ್ಯಾಸ ತಂತ್ರಾಂಶವಾದ, 2001ರಲ್ಲಿ ಬಂದ ಪೇಜ್‌ಮೇಕರ್ 7ರ ನಂತರ ಆ ತಂತ್ರಾಂಶಕ್ಕೆ ಹೊಸ ಆವೃತ್ತಿ ಬರಲಿಲ್ಲ, ಅದು ಯುನಿಕೋಡ್ ಅರಿಯದು. ಅದನ್ನೇ ನೆಚ್ಚಿಕೊಂಡ ಕಡೆ ಈ ಬೇಡಿಕೆ ಸಹಜ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ 2012ರ ಆವೃತ್ತಿಯಿಂದಲೇ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತಿದೆ. ಬೇಕಾದರೆ ಯುನಿಕೋಡ್‌ನಿಂದ ಹಳೆಯ ನುಡಿಗೆ ಆಗ ಪರಿವರ್ತಿಸಿಕೊಂಡರಾಯಿತು.

ಪಿ.ಡಿ.ಎಫ್. ಮಾಡುವಾಗ ವರ್ಡ್‌ನಲ್ಲಿ ‘ಪ್ರಿಂಟ್’ ಮೂಲಕ ಹೋಗದೆ ‘ಸೇವ್ ಆ್ಯಸ್’ನಿಂದ ಮಾಡಿ, ಶೀರ್ಷಿಕೆಗಳಿಂದ ಬುಕ್‌ಮಾರ್ಕ್ ರಚಿಸುವ ಆಯ್ಕೆಯನ್ನು ಗುರುತಿಸಿ. ಲಿಬ್ರೆಆಫೀಸ್‌ನಲ್ಲಿ ‘ಎಕ್ಸ್‌ಪೋರ್ಟ್’ ಪೆಟ್ಟಿಗೆಯಲ್ಲಿ ದೀರ್ಘಕಾಲ ಉಳಿಸಲು ಹೊಂದುವ ಪಿ.ಡಿ.ಎಫ್.-ಎ ರೂಪವೂ ಇದೆ. ಸಿದ್ಧವಾದ ಪಿ.ಡಿ.ಎಫ್.ನಿಂದ ‘ತರ್ಕ’, ‘ರಾಷ್ಟ್ರ’, ‘ಲಕ್ಷ್ಮೀಶ’ ಇರುವ ಒಂದೆರಡು ಸಾಲುಗಳನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಯುನಿಕೋಡ್‌ನಲ್ಲಿಯೇ ಟೈಪ್ ಮಾಡಿದ್ದರೂ ಪಿ.ಡಿ.ಎಫ್. ಆಗುವಾಗ ಕೆಲವೊಮ್ಮೆ ಒತ್ತುಗಳ ಕ್ರಮ ತಪ್ಪುತ್ತದೆ. ಹಾಗಾದರೆ ಬೇರೆ ಫಾಂಟಿನಲ್ಲಿ, ಅದೂ ಆಗದಿದ್ದರೆ ಇನ್ನೊಂದು ತಂತ್ರಾಂಶದಲ್ಲಿ ತೆರೆದು ಪಿ.ಡಿ.ಎಫ್. ಮಾಡಿ, ಪುಟಸಂಖ್ಯೆಗಳನ್ನು ಮುದ್ರಿತ ಪ್ರತಿಯೊಡನೆ ತಾಳೆನೋಡಿದ ಮೇಲೆಯೇ ಗ್ರಂಥಾಲಯಕ್ಕೆ ಸಲ್ಲಿಸಿ. ಮೂಲ ಕಡತದ ಒಂದು ಪ್ರತಿ ವೈವಾ ಮುಗಿಯುವವರೆಗೂ ಲ್ಯಾಪ್‌ಟಾಪಿನ ಹೊರಗೆ, ಪೆನ್‌ಡ್ರೈವಿನಲ್ಲೋ ಡ್ರೈವ್ ಖಾತೆಯಲ್ಲೋ ಇರಲಿ, ಏಕೆಂದರೆ ಪರೀಕ್ಷಕರು ಸೂಚಿಸುವ ತಿದ್ದುಪಡಿಗಳನ್ನು ಪಿ.ಡಿ.ಎಫ್.ನಲ್ಲಿ ಮಾಡಲಾಗುವುದಿಲ್ಲ.